ಟ್ರೈಲರ್ ಪಕ್ಕದ ದೋಸೆ ಕಾವಲಿ

ಬೆಳಿಗ್ಗೆ ಆರೂವರೆ. ಉತ್ತರ ಕ್ಯಾಲಿಫೋರ್ನಿಯಾದ ಲಾಸೆನ್ ಜ್ವಾಲಾಮುಖಿ ಉದ್ಯಾನ, ಮಂಜಾನಿಟಾ ಕೆರೆಯ ಪಕ್ಕದ ಕ್ಯಾಂಪು. ಹಕ್ಕಿಗಳನ್ನು ಬಿಟ್ಟರೆ ಇನ್ನೂ ಯಾರೂ ಎದ್ದಿರಲಿಲ್ಲ. ಟ್ರೈಲರಿನೊಳಗೆ ಉಪ್ಪಿಟ್ಟಿಗೆಂದು ಎಣ್ಣೆ ಕಾಯಿಸಿ ಸಾಸಿವೆ ಸಿಡಿಸಿ ಒಣಮೆಣಸಿನಕಾಯಿ ಹಾಕಿದೆನಷ್ಟೆ, ತಲೆಯ ಮೇಲಿನ ಹೊಗೆ ಅಲಾರಂ ಊರೆಲ್ಲ ಎಚ್ಚರಾಗುವಂತೆ ಕಿರುಚಿಕೊಂಡಿತು. ನಮ್ಮನೆಯವರು ಹಾಸಿಗೆಯಿಂದ ಜಿಗಿದು ಟವೆಲ್ ಬೀಸತೊಡಗಿದರು. ಮಗ ಕಿವಿ ಮುಚ್ಚಿಕೊಂಡು ಹೊರಗೋಡಿದ. ಹಾಸನದಿಂದ ಬಂದು ಆಗಿನ್ನೂ ಹತ್ತು ದಿನವಾಗಿದ್ದ ನಮ್ಮತ್ತೆ ಮಾತ್ರ ಕೂತಲ್ಲಿಂದ ಅಲ್ಲಾಡದೆ, "ಇದೇನಮ್ಮ, ಒಗ್ಗರಣೆ ಹಾಕಿದ್ರೂ ಬಡ್ಕೊಳತ್ತಲ್ಲ ಇದು!" ಅಂದರು.

ಇಲ್ಲಿ ಆರ್‌ವಿ ಅನ್ನುವುದು ಹಾಸಿಗೆ, ಒಲೆ, ಫ್ರಿಜ್, ಕಕ್ಕಸು ಎಲ್ಲ ಇರುವ ಮನೆಗಾಡಿಗೆ. ಎಂಜಿನ್ ಇದ್ದರೆ ಮೋಟರ್‌ಹೋಮ್, ಇಲ್ಲದೆ ಪಿಕಪ್ ಗಾಡಿಯ ಹಿಂದೆ ಕಟ್ಟಿ ಎಳೆಯುವುದಾದರೆ ಟ್ರೈಲರ್. ನಮ್ಮದು ಯಾರೋ ಬಳಸಿ ಬಿಟ್ಟ 22 ಅಡಿಯ ಟ್ರೈಲರ್. ಒಳಗೆ ಮೂರು ಬರ್ನರಿನ ಒಲೆಯೇನೋ ಇದೆ. ಆದರೆ ಒಲೆಗೂ ದಿಂಬಿಗೂ ನಾಲ್ಕು ಹೆಜ್ಜೆ ಅಂತರ. ರಾತ್ರಿ ಹುರಿದ ಈರುಳ್ಳಿಯ ವಾಸನೆ ಮೂರು ದಿನ ಹೊದಿಕೆಯಲ್ಲಿ ಉಳಿಯುತ್ತದೆ. ಇಲ್ಲಿಯವರು ಅಡುಗೆಯನ್ನು ಹೊರಗೆ, ಮರದ ಕೆಳಗಿನ ಬೆಂಚಿನ ಮೇಲೆ ಮಾಡಿಕೊಳ್ಳುವುದು ಬರೀ ಶೋಕಿಗಲ್ಲ ಅನ್ನುವುದು ಆ ಅಲಾರಂ ಕೂಗಿದ ಮೇಲೆ ನನಗೆ ಅರ್ಥವಾಯಿತು.

ಮುಂದಿನ ವಾರವೇ ಅಂಗಡಿಗೆ ಹೋದೆವು. ಸಾಲಾಗಿ ಇಪ್ಪತ್ತು ಒಲೆ, ಪ್ರತಿಯೊಂದರ ಮೇಲೂ ಬಿಟಿಯು ಎಂಬ ಶಾಖದ ಅಳತೆಯ ದಪ್ಪಕ್ಷರದ ಅಂಕಿ. ದೊಡ್ಡ ಅಂಕಿ ಕಂಡರೆ ನಮ್ಮನೆಯವರಿಗೆ ಮೊದಲಿಂದಲೂ ಮೋಹ. 20,000 ಬಿಟಿಯು, ಎರಡು ಬರ್ನರ್, ಮಡಚುವ ಕಾಲು, ಎಳೆದೊಯ್ಯಲು ಚಕ್ರ ಇದ್ದ ಗ್ರಿಲ್ ಒಂದನ್ನು ತಂದೆವು. ಅದು ತಪ್ಪಾಯಿತು. ಅದಕ್ಕೆ ಎರಡು ಕಾರಣ ಇದ್ದವು. ಎರಡನೆಯದು ಗೊತ್ತಾಗಲು ಇನ್ನೊಂದು ಪ್ರವಾಸ ಬೇಕಾಯಿತು.

ಮೊದಲ ಕಾರಣ ನಮ್ಮ ಬಾಯಿರುಚಿ. ಗ್ರಿಲ್ ಅಂದರೆ ಕಂಬಿ ಕಂಬಿಯ ಜಾಲರಿ, ಕೆಳಗೆ ಉರಿ, ಮೇಲೆ ಮುಚ್ಚಳ. ಮಾಂಸದ ಕೊಬ್ಬು ಉರಿಗೆ ತೊಟ್ಟಿಕ್ಕಿ ಎದ್ದ ಹೊಗೆ ಮತ್ತೆ ಮಾಂಸಕ್ಕೇ ಹತ್ತಿ ರುಚಿ ಕೊಡುತ್ತದೆ. ಅಮೆರಿಕದ ಹಿತ್ತಿಲುಗಳಲ್ಲಿ ಇದೊಂದು ಕುಲದೇವತೆಯ ಪೂಜೆಯಿದ್ದಂತೆ. ಷಿಕಾಗೊದ ವೆಬರ್ ಕಾರ್ಖಾನೆಯಲ್ಲಿ ನೀರಿನ ಮೇಲೆ ತೇಲುವ ಲೋಹದ ಬುರುಡೆಗಳನ್ನು ಮಾಡುತ್ತಿದ್ದ ಜಾರ್ಜ್ ಸ್ಟೀಫನ್ ಎಂಬಾತ 1952ರಲ್ಲಿ ಅಂಥ ಬುರುಡೆಯನ್ನೇ ಅಡ್ಡಕ್ಕೆ ಸೀಳಿ ಮುಚ್ಚಳದ ಇದ್ದಿಲು ಗ್ರಿಲ್ ಮಾಡಿದ. ಆ ಗುಂಡು ಆಕಾರ ಇವತ್ತಿಗೂ ನಡೆಯುತ್ತಿದೆ. ಮೊದಲ ಸಂಜೆ ನಮಗೂ ಗ್ರಿಲ್ ಸೊಗಸಾಗೇ ಇತ್ತು: ಮಗನಿಗೆ ಕೋಳಿ ಕಾಲು, ನಮಗೆ ಮುಸುಕಿನ ಜೋಳ, ಅತ್ತೆಗೆ ಸುಟ್ಟ ಬದನೆಕಾಯಿ ಗೊಜ್ಜು. ಗುಂಡು ಬದನೆಕಾಯಿಯ ಸಿಪ್ಪೆ ಕರಕಲಾಗಿ ಒಳಗೆ ಬೆಣ್ಣೆಯಾಗಬೇಕಾದರೆ ಜಾಲರಿಗಿಂತ ಒಳ್ಳೆಯದು ಕೆಂಡ ಮಾತ್ರ.

ಬೆಳಗಾದ ಮೇಲೆ ಫಜೀತಿ. ಮನೆಯಿಂದ ರುಬ್ಬಿ ತಂದ ದೋಸೆ ಹಿಟ್ಟು ಡಬ್ಬದ ಮುಚ್ಚಳ ತಳ್ಳಿಕೊಂಡು ಉಬ್ಬಿ ಕೂತಿತ್ತು. ಜಾಲರಿಯ ಮೇಲೆ ದೋಸೆ ಹುಯ್ಯುವುದುಂಟೇ? ಊರಿಂದ ತಂದಿದ್ದ ಕಬ್ಬಿಣದ ಕಾವಲಿಯನ್ನು ಅದರ ಮೇಲಿಟ್ಟೆವು. ಗ್ರಿಲ್ಲಿನಲ್ಲಿ ಬರ್ನರಿಗೂ ಜಾಲರಿಗೂ ನಡುವೆ ಒಂದು ಗೇಣು ಜಾಗ. ಮುಚ್ಚಳ ಹಾಕಿದರೆ ಬಿಸಿಗಾಳಿ ಒಳಗೆ ನಿಲ್ಲುತ್ತದೆ, ತೆಗೆದಿಟ್ಟರೆ ಅರ್ಧ ಬಿಸಿ ಆಕಾಶಕ್ಕೆ. ದೋಸೆ ಹುಯ್ಯುವವರು ಮುಚ್ಚಳ ಹಾಕಿಕೊಂಡು ಕೂರುವುದು ಹೇಗೆ? ನಾಲ್ಕು ದೋಸೆಗೆ ಮುಕ್ಕಾಲು ಗಂಟೆ ಹಿಡಿಯಿತು. ಜಾಲರಿ ತೆಗೆದು ಚಪ್ಪಟೆ ತಟ್ಟೆ ಕೂರಿಸಬಹುದಾದ ಗ್ರಿಲ್‌ಗಳೂ ಸಿಗುತ್ತವೆ. ವಾರಕ್ಕೊಮ್ಮೆ ದೋಸೆ ತಿನ್ನುವವರಿಗೆ ಅವು ಸಾಕು. ನಮ್ಮಂಥವರಿಗೆ ಸಾಲದು.

ಎರಡನೆಯ ಕಾರಣ ಮುಂದಿನ ಪ್ರವಾಸದಲ್ಲಿ, ಕಡಲತಡಿಯ ಪಿಸ್ಮೊ ಬೀಚಿನಲ್ಲಿ ತಿಳಿಯಿತು. ಟ್ರೈಲರಿನ ಮೂತಿಯ ಮೇಲೆ 20 ಪೌಂಡಿನ ಎರಡು ಸಿಲಿಂಡರುಗಳಿರುತ್ತವೆ, ಒಂದೊಂದರಲ್ಲೂ ಸುಮಾರು 9 ಕೆ.ಜಿ. ಪ್ರೊಪೇನ್. ನಮ್ಮೂರಿನ 14.2 ಕೆ.ಜಿ. ಸಿಲಿಂಡರಿನಲ್ಲಿ ಪ್ರೊಪೇನ್ ಜೊತೆ ಬ್ಯೂಟೇನ್ ಕೂಡ ಬೆರೆತಿರುತ್ತದೆ. ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಅನಿಲವಾಗಲು ಮುಷ್ಕರ ಹೂಡುತ್ತದೆ. ಪ್ರೊಪೇನ್ ಹಾಗಲ್ಲ, ಮೈನಸ್ 42 ಡಿಗ್ರಿವರೆಗೂ ಅನಿಲವಾಗುತ್ತದೆ. ಹಿಮ ಬೀಳುವ ಊರಲ್ಲಿ ಕ್ಯಾಂಪಿಗೆ ಅದೇ ಗತಿ. ನಮ್ಮ ಟ್ರೈಲರಿನ ಪಕ್ಕದಲ್ಲಿ ಹೊರಗಿನ ಒಲೆಗೆಂದೇ ಒಂದು ಗ್ಯಾಸ್ ಕಿಂಡಿ ಇತ್ತು. ಪೈಪನ್ನು ಟಕ್ಕೆಂದು ಒತ್ತಿದರೆ ಕೂರುತ್ತದೆ. ಸಣ್ಣ ಡಬ್ಬಿಗಳನ್ನು ಕೊಳ್ಳುವ ಕಾಟ ತಪ್ಪಿತು ಅಂತ ಹಿಗ್ಗಿ ಗ್ರಿಲ್ಲನ್ನು ಅದಕ್ಕೆ ಜೋಡಿಸಿದೆವು. ಗುಂಡಿ ಪೂರ್ತಿ ತಿರುಗಿಸಿದರೂ ಬಂದದ್ದು ದೀಪದ ಕುಡಿಯಂಥ ಉರಿ. ಗ್ರಿಲ್ ಕೆಟ್ಟಿದೆ, ವಾಪಸ್ ಕೊಡೋಣ ಅಂತ ಇವರು ರಸೀದಿ ಹುಡುಕತೊಡಗಿದರು.

ಪಕ್ಕದ ಜಾಗದಲ್ಲಿದ್ದ ಬಿಳಿಗಡ್ಡದ ತಾತ ಕಾಫಿ ಲೋಟ ಹಿಡಿದುಕೊಂಡೇ ಬಂದು ಬಗ್ಗಿ ನೋಡಿ ನಕ್ಕರು. ಗ್ರಿಲ್ಲಿನ ಪಕ್ಕದಲ್ಲಿದ್ದ ಹಿತ್ತಾಳೆಯ ಗಂಟೊಂದನ್ನು ಉಗುರಿನಿಂದ ತಟ್ಟಿ, ಇದೊಂದು ರೆಗ್ಯುಲೇಟರ್, ನಿಮ್ಮ ಗಾಡಿಯಲ್ಲಿ ಆಗಲೇ ಒಂದಿದೆ, ಒಂದೇ ಅನಿಲವನ್ನು ಎರಡು ಸಲ ಹಿಂಡಿದರೆ ಇನ್ನೇನು ಉಳಿಯುತ್ತದೆ ಅಂದರು.

ಬೇಸಿಗೆಯ ಹಗಲಲ್ಲಿ ಸಿಲಿಂಡರಿನ ಒತ್ತಡ ಕಾರಿನ ಟೈರಿನದಕ್ಕಿಂತ ಮೂರು ನಾಲ್ಕು ಪಟ್ಟು. ಟ್ರೈಲರಿನ ರೆಗ್ಯುಲೇಟರ್ ಅದನ್ನು ನಳಿಕೆಯಲ್ಲಿ 11 ಅಂಗುಲ ನೀರು ಏರಿಸುವಷ್ಟು ಒತ್ತಡಕ್ಕೆ ಇಳಿಸುತ್ತದೆ. ಹೆಚ್ಚುಕಡಿಮೆ ನಮ್ಮೂರ ಅಡುಗೆಮನೆಯ ಒಲೆಗೆ ಬರುವಷ್ಟೇ. ಹೊರಗಿನ ಕಿಂಡಿಗೂ ಅದೇ ಇಳಿದ ಅನಿಲ ಬರುತ್ತದೆ. ಅಂಗಡಿಯಲ್ಲಿ ಸಿಗುವ ಬಹುತೇಕ ಕೈಗ್ರಿಲ್‌ಗಳು ಮಾತ್ರ ಸಣ್ಣ ಸಿಲಿಂಡರಿನ ಪೂರ್ತಿ ಒತ್ತಡಕ್ಕೆಂದು ತಮ್ಮದೇ ರೆಗ್ಯುಲೇಟರ್ ಹೊತ್ತು ಬರುತ್ತವೆ. ಹಾಗಾಗಿ ಅಂಗಡಿಯಲ್ಲಿ ಮೊದಲು ಕೇಳಬೇಕಾದದ್ದು ಬಿಟಿಯು ಅಲ್ಲ, "ಇದಕ್ಕೆ ಗ್ಯಾಸ್ ಎಲ್ಲಿಂದ ಬರುತ್ತದೆ?" ಗಾಡಿಯ ಕಿಂಡಿಯಿಂದ ಎಂದಾದರೆ ರೆಗ್ಯುಲೇಟರ್ ಇಲ್ಲದ, ಕಡಿಮೆ ಒತ್ತಡಕ್ಕೆಂದೇ ಮಾಡಿದ ಒಲೆ ಬೇಕು. ಅಂಥ ಒಲೆಯನ್ನು ಎಂದೂ ನೇರ ಸಿಲಿಂಡರಿಗೆ ಹಚ್ಚಬಾರದು. ಉರಿ ಹುಬ್ಬನ್ನೇ ಸುಡುತ್ತದೆ. ಸಿಲಿಂಡರಿಗೇ ಜೋಡಿಸುವುದಾದರೆ ರೆಗ್ಯುಲೇಟರ್ ಇರುವುದೇ ಸರಿ, 20 ಪೌಂಡಿನದಕ್ಕೆ ಒಂದು ಉದ್ದನೆಯ ಪೈಪು ಕೊಂಡರಾಯಿತು. ನಾವು ಈಗ ಮಾಡುವುದು ಹಾಗೇ.

ಬಿಟಿಯು ಲೆಕ್ಕವನ್ನೂ ಹೇಳಿಬಿಡುತ್ತೇನೆ. ಒಲೆಯ ಮೇಲಿನ ಆ ಅಂಕಿ ಒಲೆ ಗಂಟೆಗೆ ಎಷ್ಟು ಅನಿಲ ಕುಡಿಯುತ್ತದೆ ಅನ್ನುವುದರ ಅಳತೆ, ಕಾವಲಿ ಎಷ್ಟು ಕಾಯುತ್ತದೆ ಅನ್ನುವುದರದಲ್ಲ. ಅಂಕಿ ದೊಡ್ಡದು, ತಟ್ಟೆ ಅದಕ್ಕಿಂತ ದೊಡ್ಡದು ಎಂದಾದರೆ ಬಿಸಿ ಹಂಚಿಹೋಗುತ್ತದೆ. ಒಂದು ಪೌಂಡ್ ಪ್ರೊಪೇನಿನಲ್ಲಿ ಸುಮಾರು 21,500 ಬಿಟಿಯು ಇರುತ್ತದೆ. ಆಮೇಲೆ ಕೊಂಡ ನಮ್ಮ ಈಗಿನ ಒಲೆ 12,500 ಬಿಟಿಯುನದು, ಅಂದರೆ ಒಂದು ಪೌಂಡಿನ ಹಸಿರು ಡಬ್ಬಿಯಲ್ಲಿ ಪೂರ್ತಿ ಉರಿಯಲ್ಲಿ ಒಂದು ಗಂಟೆ ನಲವತ್ತು ನಿಮಿಷ. ದೋಸೆಗೆ ಪೂರ್ತಿ ಉರಿ ಬೇಕಾಗುವುದೇ ಇಲ್ಲ. ಆ ಹಸಿರು ಡಬ್ಬಿಗಳು ಒಮ್ಮೆ ಬಳಸಿ ಎಸೆಯುವಂಥವು. ಕ್ಯಾಂಪಿನ ಕಸದ ತೊಟ್ಟಿಗಳಲ್ಲಿ ರಾಶಿ ಬಿದ್ದು, ಕೊನೆಗೆ ಕ್ಯಾಲಿಫೋರ್ನಿಯಾ 2022ರಲ್ಲಿ ಕಾನೂನು ಮಾಡಿ 2028ರಿಂದ ಅವುಗಳ ಮಾರಾಟವನ್ನೇ ನಿಲ್ಲಿಸಲು ಹೊರಟಿದೆ. ತುಂಬಿಸಿ ಬಳಸುವ ಡಬ್ಬಿಗೆ ಈಗಲೇ ಬದಲಾದರೆ ಒಳ್ಳೆಯದು.

ಈಗಿನ ಒಲೆ ಗ್ರಿಡಲ್. ಉಕ್ಕಿನ ಚಪ್ಪಟೆ ತಟ್ಟೆ, 17 ಅಂಗುಲ ಅಗಲ, ಕೆಳಗೆ ಬೆರಳಷ್ಟು ಹತ್ತಿರದಲ್ಲೇ ಬರ್ನರ್. ಎಲ್ಲ ಸೇರಿ ಹತ್ತು ಕೆ.ಜಿ. ಆಸುಪಾಸು. ಅಮೆರಿಕದವರು ಇದರ ಮೇಲೆ ಪ್ಯಾನ್‌ಕೇಕ್, ಮೊಟ್ಟೆ, ಬೇಕನ್ ಬೇಯಿಸುತ್ತಾರೆ. ಪೆಟ್ಟಿಗೆ ಬಿಚ್ಚಿದಾಗ ಅತ್ತೆ ಕನ್ನಡಕ ಏರಿಸಿ ನೋಡಿ, "ಇದು ನಮ್ ಹೋಟ್ಲು ಕಾವಲಿ ಕಣಮ್ಮ, ಇದಕ್ಕೆ ಇಂಗ್ಲಿಷ್ ಹೆಸರು ಯಾಕೆ?" ಅಂದರು.

ಹೊಸ ತಟ್ಟೆ ಬೂದುಬಣ್ಣ. ಪಳಗಿಸಬೇಕು. ಇಲ್ಲಿಯ ಕೈಪಿಡಿ ನಾಲ್ಕು ಪುಟ ಬರೆದಿತ್ತು. ಅತ್ತೆ ಒಂದು ಪುಟವನ್ನೂ ಓದಲಿಲ್ಲ. ಕಾರ್ಖಾನೆಯವರು ತುಕ್ಕು ಹಿಡಿಯದಿರಲೆಂದು ಹಚ್ಚಿದ್ದ ಎಣ್ಣೆಯನ್ನು ಸೋಪಿನ ನೀರಿನಿಂದ ತಿಕ್ಕಿ ತೊಳೆದು, ಒರೆಸಿ, ಉರಿ ಹಚ್ಚಿ, ಅರ್ಧ ಈರುಳ್ಳಿಯನ್ನು ಫೋರ್ಕಿಗೆ ಚುಚ್ಚಿ ಎಣ್ಣೆಯಲ್ಲಿ ಅದ್ದಿ ಮೂಲೆ ಮೂಲೆಗೂ ತೀಡಿದರು. ತೆಳ್ಳಗೆ, ಬೂಟಿಗೆ ಪಾಲಿಶ್ ಹಾಕಿದ ಹಾಗೆ. ಹೊಗೆ ಎದ್ದು ನಿಲ್ಲುವವರೆಗೂ ಬಿಟ್ಟು ಮತ್ತೆ ತೀಡಿದರು. ಮೂರನೆಯ ಸಲಕ್ಕೆ ನಡುವೆ ಕಂದು, ನಾಲ್ಕನೆಯದಕ್ಕೆ ಕಪ್ಪು. ಹೀಗೆ ಕಾದ ಎಣ್ಣೆ ಗಟ್ಟಿಯಾಗಿ ಉಕ್ಕಿಗೆ ಅಂಟಿ ಪೊರೆಯಾಗುತ್ತದೆ, ಅದೇ ದೋಸೆಯನ್ನು ಬಿಡಿಸುವುದು. ಕೈಪಿಡಿ ಹೇಳುವುದೂ ಅದನ್ನೇ, ಈರುಳ್ಳಿ ಮಾತ್ರ ಇಲ್ಲ. ಎಣ್ಣೆ ಜಾಸ್ತಿಯಾದರೆ ಪೊರೆ ಜಿಗುಟಾಗುತ್ತದೆ. ನಾನು ಮುಂದೊಮ್ಮೆ ಮಾಡಿ ಕೆಡಿಸಿಕೊಂಡೆ.

ಕಾವಲಿಯಲ್ಲಿ ಯಾವ ಪುಸ್ತಕವೂ ಒತ್ತಿ ಹೇಳದ ಒಂದು ಸಂಗತಿ ಮಟ್ಟ. ಕ್ಯಾಂಪಿನ ನೆಲ ಎಲ್ಲೂ ಸಮವಿರುವುದಿಲ್ಲ. ಜಾಲರಿಯ ಮೇಲಿನ ಕೋಳಿಗೆ ಅದರ ಪರಿವೆಯಿಲ್ಲ, ಆದರೆ ಹಿಟ್ಟು ಹುಯ್ದು ಸೌಟು ತಿರುಗಿಸಿದರೆ ದೋಸೆ ನಿಧಾನಕ್ಕೆ ಒಂದು ಕಡೆಗೆ ಸರಿದು ಕರ್ನಾಟಕದ ನಕ್ಷೆಯಂತಾಗುತ್ತದೆ. ಎಣ್ಣೆ ಹಿಂದಿನ ಕಿಂಡಿಯಿಂದ ಡಬ್ಬಿಗೆ ಬೀಳುವ ಬದಲು ಮುಂದೆ ಹರಿದು ಚಪ್ಪಲಿಗೆ. ಈಗ ಒಂದು ಸಣ್ಣ ರಸಮಟ್ಟ, ನಾಲ್ಕು ಮರದ ಚಕ್ಕೆ ಯಾವಾಗಲೂ ಜೊತೆಗಿರುತ್ತವೆ. ಕೊಳ್ಳುವಾಗ ಕಾಲುಗಳನ್ನು ತಿರುಗಿಸಿ ಎತ್ತರ ಹೊಂದಿಸಬಹುದೇ ನೋಡಿ.

ಗಾಳಿ ಇನ್ನೊಂದು ಶತ್ರು. ಪಿಸ್ಮೊದಲ್ಲಿ ಮಧ್ಯಾಹ್ನವಾದರೆ ಕಡಲ ಗಾಳಿ ತಟ್ಟೆಯಡಿ ನುಗ್ಗಿ ಒಂದು ಬದಿಯ ಉರಿ ಆರಿಸುತ್ತದೆ. ಒಲೆಯ ಪಕ್ಕಗಳು ತಗಡಿನಿಂದ ಮುಚ್ಚಿರುವುದನ್ನೇ ಆರಿಸಿ. ಮರೆಗೆ ಟ್ರೈಲರ್ ಅಡ್ಡ ನಿಂತರೂ ಅದರ ಗೋಡೆಯಿಂದ ನಾಲ್ಕು ಹೆಜ್ಜೆ ದೂರ ಇಡಿ, ಬಟ್ಟೆಯ ಚಪ್ಪರದಡಿ ಬೇಡವೇ ಬೇಡ. ಸಿಲಿಂಡರನ್ನೂ ಸೇರಿಸಿ ತಗಡು ಸುತ್ತುವವರಿದ್ದಾರೆ. ಸಿಲಿಂಡರು ಕಾಯುತ್ತದೆ, ಆ ಸಾಹಸ ಬೇಡ. ಮಳೆ ಬಂತೆಂದು ಒಲೆಯನ್ನು ಗಾಡಿಯೊಳಗೆ ಒಯ್ದು ಹಚ್ಚಿದರೆ ಕಾರ್ಬನ್ ಮೊನಾಕ್ಸೈಡ್ ಸದ್ದಿಲ್ಲದೆ ಜೀವ ತೆಗೆಯುತ್ತದೆ. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಸೋರಿದರೆ ನೆಲದ ಮಟ್ಟದಲ್ಲೇ ಮಡುಗಟ್ಟುತ್ತದೆ. ಟ್ರೈಲರಿನ ಗ್ಯಾಸ್ ಅಲಾರಂ ಮೊಣಕಾಲಿಗಿಂತ ಕೆಳಗಿರುವುದು ಅದಕ್ಕೇ. ಜೋಡಿಸಿದ ಮೇಲೆ ಸೋಪಿನ ನೊರೆ ಹಚ್ಚಿ ಗುಳ್ಳೆ ಬರುತ್ತದೆಯೇ ನೋಡುವುದು ನಮ್ಮ ಮಗನ ಕೆಲಸ. ಮತ್ತೊಂದು ಮಾತು: ಒಲೆಯ ಗುಂಡಿ ಮುಚ್ಚಿರುವಾಗಲೇ ಸಿಲಿಂಡರನ್ನು ನಿಧಾನಕ್ಕೆ ತೆರೆಯಬೇಕು. ಗಡಿಬಿಡಿಯಲ್ಲಿ ತೆರೆದರೆ ಸೋರಿಕೆಯಾಗಿದೆಯೆಂದು ತಿಳಿದು ಒಳಗಿನ ರಕ್ಷಣೆ ಅನಿಲವನ್ನು ತಡೆಯುತ್ತದೆ, ಆಗಲೂ ಉರಿ ದೀಪದ ಕುಡಿಯೇ.

ಇದ್ದಿಲು ಯಾಕೆ ಬೇಡ ಎಂದರೆ, ಬೇಸಿಗೆಯಲ್ಲಿ ಇಲ್ಲಿ ಕಾಡು ಬತ್ತಿಯಂತಿರುತ್ತದೆ. 2021ರ ಡಿಕ್ಸಿ ಕಾಡ್ಗಿಚ್ಚು ಲಾಸೆನ್ ಉದ್ಯಾನದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಹೊಕ್ಕಿತು. ಒಣಗಾಲದಲ್ಲಿ ಸೌದೆ, ಇದ್ದಿಲು ನಿಷಿದ್ಧವಾದರೂ ತಕ್ಷಣ ಆರಿಸಬಹುದಾದ ಗ್ಯಾಸ್ ಒಲೆಗೆ ಸಾಮಾನ್ಯವಾಗಿ ಅನುಮತಿ ಇರುತ್ತದೆ. ಹೊರಡುವ ಮುನ್ನ ಆಯಾ ಕಾಡಿನ ನಿಯಮ ನೋಡಿಕೊಳ್ಳಿ. ಕರಡಿ ಇರುವಲ್ಲಿ ಒಲೆ ತೊಳೆದಿದ್ದರೂ ರಾತ್ರಿ ಹೊರಗಿಡುವಂತಿಲ್ಲ, ಎಣ್ಣೆಯ ವಾಸನೆಗೇ ಅದು ಬರುತ್ತದೆ. ಆದ್ದರಿಂದ ಹತ್ತು ಕೆ.ಜಿ. ಅನ್ನುವುದು ಬರೀ ಅಂಕಿಯಲ್ಲ, ದಿನಾ ರಾತ್ರಿ ಎತ್ತಿ ಒಳಗಿಡಬೇಕಾದ ಭಾರ. ದೊಡ್ಡದು ಕೊಳ್ಳುವ ಮುನ್ನ ಅಂಗಡಿಯಲ್ಲೇ ಒಮ್ಮೆ ಎತ್ತಿ ನೋಡಿ.

ಅಕ್ಕಿ ರೊಟ್ಟಿ ಮಾತ್ರ ಸತಾಯಿಸಿತು. ನಮ್ಮ ಕಡೆ ತಣ್ಣಗಿನ ಕಾವಲಿಗೇ ತಟ್ಟುವುದು. ಮನೆಯಲ್ಲಾದರೆ ಎರಡು ಕಾವಲಿ, ಒಂದು ಒಲೆಯ ಮೇಲೆ, ಇನ್ನೊಂದು ನಲ್ಲಿಯಡಿ. ಗ್ರಿಡಲ್ ತಟ್ಟೆಯನ್ನು ಪ್ರತಿ ರೊಟ್ಟಿಗೂ ತಣ್ಣಗೆ ಮಾಡುತ್ತಾ ಕೂತರೆ ಮಧ್ಯಾಹ್ನವೇ. ಕೊನೆಗೆ ಬಟರ್ ಪೇಪರಿನ ಮೇಲೆ ತಟ್ಟಿ, ಕವುಚಿ ಹಾಕಿ, ಅರ್ಧ ನಿಮಿಷ ಬಿಟ್ಟು ಕಾಗದ ಸುಲಿದೆ. ಬಂತು. ಅತ್ತೆ ಒಂದು ತುಂಡು ಮುರಿದು ಬಾಯಿಗಿಟ್ಟು, "ಪರ್ವಾಗಿಲ್ಲ, ಆದ್ರೆ ಬೆರಳಚ್ಚಿಲ್ಲ" ಅಂದರು. ಅದಲ್ಲದೆ ಸೋಮವಾರ, ಶನಿವಾರ ಅವರು ಮಾಂಸ ಮುಟ್ಟಿದ ತಟ್ಟೆಯ ದೋಸೆ ತಿನ್ನುವುದಿಲ್ಲ. ಹಾಗಾಗಿ ಕೋಳಿಗೆ ಆ ಹಳೆಯ ಗ್ರಿಲ್ಲನ್ನೇ ಹೊರುತ್ತೇವೆ. ಕೊಟ್ಟ ದುಡ್ಡು ಪೂರ್ತಿ ನೀರಿಗೆ ಹೋಗಲಿಲ್ಲ ಅಂತ ಇವರಿಗೆ ಸಮಾಧಾನ.

ನಾಳಿದ್ದು ಮತ್ತೆ ಲಾಸೆನ್‌ಗೆ ಹೊರಟಿದ್ದೇವೆ. ಸಿಲಿಂಡರಿನಲ್ಲಿ ಎಷ್ಟಿದೆಯೆಂದು ತಟ್ಟಿ ನೋಡಿದರೆ ತಿಳಿಯುವುದಿಲ್ಲ. ಇವತ್ತು ಬೆಳಿಗ್ಗೆ ಬಚ್ಚಲುಮನೆಯ ತೂಕದ ಯಂತ್ರ ತಂದು ಅದರ ಮೇಲೆ ನಿಲ್ಲಿಸಿದೆವು. 24 ಪೌಂಡ್. ಹಿಡಿಯ ಮೇಲೆ ಕೆತ್ತಿದ ಖಾಲಿ ತೂಕ 17. ಉಳಿದದ್ದು ಏಳು ಪೌಂಡ್. ನಾಲ್ಕು ಜನ, ಮೂರು ಬೆಳಿಗ್ಗೆ, ಎರಡು ದಿನ ದೋಸೆ, ಒಂದು ದಿನ ರೊಟ್ಟಿ. ಸಾಕಾಗುತ್ತದೆ. ದೋಸೆಗೆ ಅಕ್ಕಿ ನೆನೆಹಾಕಬೇಕು.