ಉಸಿರಾಟವೂ ಅಂಗಾರಾಮ್ಲವಾಯುವೂ

ನಮ್ಮಲ್ಲಿ ಶರೀರಶಾಸ್ತ್ರದ ಪಾಠವನ್ನು ಕೇಳಿಹೋದ ಹಳೆಯ ವಿದ್ಯಾರ್ಥಿನಿಯರಿಗೆ ನಾವು ಒಂದು ತಿದ್ದುಪಡಿಯನ್ನು ಸಲ್ಲಿಸಬೇಕಾಗಿದೆ. ಉಸಿರನ್ನು ಬಿಗಿಹಿಡಿದರೆ ಸ್ವಲ್ಪ ಹೊತ್ತಿನಲ್ಲಿಯೇ ಎದೆಯು ತಳಮಳಿಸಿ ಬಾಯಿ ತಾನಾಗಿ ತೆರೆಯುವುದೇಕೆಂಬ ಪ್ರಶ್ನೆಗೆ, “ರಕ್ತದಲ್ಲಿಯ ಪ್ರಾಣವಾಯು ಮುಗಿಯುತ್ತ ಬಂದುದರಿಂದ” ಎಂದು ನಾವು ಅನೇಕ ವರ್ಷ ಉತ್ತರ ಹೇಳಿಕೊಟ್ಟೆವು. ಪರೀಕ್ಷೆಯಲ್ಲಿ ಹಾಗೆ ಬರೆದವರಿಗೆ ಪೂರ್ಣ ಅಂಕಗಳನ್ನೂ ಕೊಟ್ಟೆವು. ಆ ಉತ್ತರವು ಬಹುಮಟ್ಟಿಗೆ ತಪ್ಪು. ತಪ್ಪು ಪುಸ್ತಕದಲ್ಲಿಯೇ ಉಳಿದಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ.

ಒಂದು ಬೇಸಗೆಯ ರಜೆಯಲ್ಲಿ ಒಂಬತ್ತನೆಯ ತರಗತಿಯ ನಮ್ಮ ಹುಡುಗಿಯೊಬ್ಬಳು ತೋಟದ ಬಾವಿಯಲ್ಲಿ ಅಣ್ಣತಮ್ಮಂದಿರೊಡನೆ ಪಂದ್ಯ ಕಟ್ಟಿ ಮುಳುಗಿದಳು. ಮುಳುಗುವುದಕ್ಕೆ ಮೊದಲು ಮೆಟ್ಟಿಲ ಮೇಲೆ ನಿಂತು ಇಪ್ಪತ್ತು ಮೂವತ್ತು ಸಾರಿ ಬಿರುಸಾಗಿ ಉಸಿರೆಳೆದು ಬಿಟ್ಟಳಂತೆ. ಪ್ರಾಣವಾಯುವನ್ನು ತುಂಬಿಕೊಂಡರೆ ಹೆಚ್ಚು ಹೊತ್ತು ನೀರಿನೊಳಗಿರಬಹುದೆಂಬುದು ಆಕೆಯ ಲೆಕ್ಕ. ನೀರಿನಲ್ಲಿ ಆಕೆಗೆ ಯಾವ ಸಂಕಟವೂ ತೋರಲಿಲ್ಲ. ಹಾಗೆಯೇ ಎಚ್ಚರ ತಪ್ಪಿತು. ಚಿಕ್ಕಪ್ಪನು ಹಾರಿ ಮೇಲಕ್ಕೆತ್ತಿ, ಬಾಯಿಗೆ ಬಾಯಿಟ್ಟು ಉಸಿರೂದಿದ ಮೇಲೆ ಪ್ರಾಣ ಉಳಿಯಿತು. ಶಾಲೆ ತೆರೆದ ದಿನ ಆಕೆಯ ತಾಯಿ ಬಂದು, “ಅಕ್ಕೋರೆ, ನೀವು ಕಲಿಸಿದ್ದನ್ನ ಮಾಡೇನಿ ಅಂತಾಳ ಹುಡುಗಿ” ಎಂದರು. ನಮಗೆ ಮಾತು ಹೊರಡಲಿಲ್ಲ.

ಈಗ ನಿಜವಾದ ಸಂಗತಿಯನ್ನು ಹೇಳುತ್ತೇವೆ. ತಲೆಬುರುಡೆಯೊಳಗೆ, ಮೆದುಳು ಬೆನ್ನುಹುರಿಗೆ ಕೂಡುವಲ್ಲಿ ಮೆಡುಲ್ಲಾ ಎಂಬ ಸಣ್ಣ ಭಾಗವುಂಟು. ಮೆದುಳಿನ ಉಳಿದ ಭಾಗಗಳನ್ನು ತೆಗೆದರೂ ಉಸಿರಾಟ ನಡೆಯುವುದೆಂದೂ, ಈ ಭಾಗಕ್ಕೆ ಪೆಟ್ಟು ತಗಲಿದೊಡನೆ ನಿಲ್ಲುವುದೆಂದೂ ಫ್ರಾನ್ಸಿನ ಲೆಗಲ್ವಾ ಎಂಬ ವೈದ್ಯನು ೧೮೧೨ರಲ್ಲಿ ಪ್ರಕಟಿಸಿದನು. (ಮೊಲಗಳ ಮೇಲೆ ನಡೆದ ಆ ಪ್ರಯೋಗಗಳನ್ನು ವರ್ಣಿಸಲು ನಮಗೆ ಮನಸ್ಸಿಲ್ಲ.) ಆದರೆ ಮೆಡುಲ್ಲಾವು ಯಾವುದನ್ನು ನೋಡಿ ಉಸಿರನ್ನು ಹೆಚ್ಚಿಸುತ್ತದೆ, ಯಾವುದನ್ನು ನೋಡಿ ಕಡಮೆ ಮಾಡುತ್ತದೆ?

ಇದಕ್ಕೆ ಸ್ಪಷ್ಟವಾದ ಉತ್ತರ ದೊರೆತುದು ೧೯೦೫ರಲ್ಲಿ. ಆಕ್ಸ್‌ಫರ್ಡಿನಲ್ಲಿ ಜೆ. ಎಸ್. ಹಾಲ್ಡೇನ್ ಮತ್ತು ಪ್ರೀಸ್ಟ್ಲೀ ಎಂಬವರು ಉದ್ದವಾದ ಕೊಳವೆಯೊಳಗೆ ಬಲವಾಗಿ ಉಸಿರುಬಿಟ್ಟು, ಕಟ್ಟಕಡೆಗೆ ಬಾಯಿಂದ ಬಂದ ಗಾಳಿಯನ್ನು ಮಾತ್ರ ಹಿಡಿದು ಪರೀಕ್ಷಿಸಿದರು. ಅದು ಶ್ವಾಸಕೋಶದ ಆಳದ ಗಾಳಿ. ಅದರಲ್ಲಿ ಅಂಗಾರಾಮ್ಲವಾಯುವು ಶೇಕಡ ಐದೂವರೆಯ ಆಸುಪಾಸಿನಲ್ಲಿ ದಿನದಿನವೂ ಒಂದೇ ಸಮನಾಗಿತ್ತು. ಸ್ಕಾಟ್ಲೆಂಡಿನ ಬೆನ್ ನೆವಿಸ್ ಬೆಟ್ಟದ ಮೇಲೂ, ಕಾರ್ನ್‌ವಾಲಿನ ಡಾಲ್ಕೋತ್ ಗಣಿಯ ಆಳದಲ್ಲೂ ಅಳೆದರು. ಹೊರಗಿನ ಗಾಳಿಯ ಒತ್ತಡ ಬದಲಾದರೂ ಆಳದಲ್ಲಿಯ ಅಂಗಾರಾಮ್ಲವಾಯುವಿನ ಒತ್ತಡವು ಹೆಚ್ಚುಕಡಮೆ ಅಷ್ಟೇ. ಅದು ಶೇಕಡ ೦.೨ರಷ್ಟು ಏರಿದರೆ ಸಾಕು, ವಿಶ್ರಾಂತಿಯಲ್ಲಿರುವವನ ಉಸಿರಾಟವು ಇಮ್ಮಡಿಯಾಗುವುದೆಂದು ಕಂಡರು. ದೇಹವು ಕಾಯುತ್ತಿದ್ದುದು ಪ್ರಾಣವಾಯುವನ್ನಲ್ಲ, ನಾವು ಕಸವೆಂದು ಹೊರಹಾಕುವ ವಾಯುವನ್ನು.

ಅದರ ಕ್ರಮ ಹೀಗಿದೆ. ರಕ್ತದಲ್ಲಿಯ ಅಂಗಾರಾಮ್ಲವಾಯುವು ಮೆದುಳನ್ನು ತೊಯ್ಯಿಸುವ ದ್ರವದೊಳಕ್ಕೆ ಸುಲಭವಾಗಿ ದಾಟಿ, ನೀರಿನೊಡನೆ ಕೂಡಿ, ಆಮ್ಲವಾಗುತ್ತದೆ. ಸೋಡಾನೀರಿನಲ್ಲಿ ನಾಲಗೆಯನ್ನು ಚುರುಗುಟ್ಟಿಸುವ ಹುಳಿ ಇದೇ. ಮೆಡುಲ್ಲಾದ ಮುಂಬದಿಯ ಮೇಲ್ಮೈಗೆ ಹತ್ತಿರವಾಗಿರುವ ಕೆಲವು ಜೀವಕಣಗಳು ಈ ಹುಳಿಯ ಅತ್ಯಲ್ಪ ಏರಿಳಿತವನ್ನೂ ಅರಿತು, ಉಸಿರಿನ ತಾಳವನ್ನು ಹುಟ್ಟಿಸುವ ಕಣಗಳಿಗೆ ತಿಳಿಸುತ್ತವೆ. ಅಲ್ಲಿಂದ ವಪೆಗೂ ಪಕ್ಕೆಲುಬುಗಳ ಸ್ನಾಯುಗಳಿಗೂ ನರಗಳ ಮೂಲಕ ಆಜ್ಞೆ ಹೋಗುತ್ತದೆ. ಉಸಿರು ಆಳವಾಗುತ್ತದೆ, ವಾಯು ಹೊರಬೀಳುತ್ತದೆ, ಹುಳಿ ಇಳಿಯುತ್ತದೆ, ಉಸಿರು ಮತ್ತೆ ಸಾವಕಾಶವಾಗುತ್ತದೆ. ನಾವು ನಿದ್ರಿಸುವಾಗಲೂ ಈ ಲೆಕ್ಕ ನಿಲ್ಲದು.

ಪ್ರಾಣವಾಯುವಿಗೆ ಕಾವಲೇ ಇಲ್ಲವೆಂದಲ್ಲ. ಕುತ್ತಿಗೆಯ ದೊಡ್ಡ ರಕ್ತನಾಳಗಳು ಕವಲೊಡೆಯುವಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಕಾವಲುಗಾರರುಂಟು. ಅವುಗಳ ಕೆಲಸವನ್ನು ತೋರಿಸಿದ ಬೆಲ್ಜಿಯಮಿನ ಹೇಮನ್ಸನಿಗೆ ೧೯೩೮ರ ನೊಬೆಲ್ ಬಹುಮಾನವು ಸಂದಿತು. ಆದರೆ ರಕ್ತದಲ್ಲಿ ಪ್ರಾಣವಾಯು ಬಹಳ ಇಳಿದ ಮೇಲೆಯೇ ಇವು ಗಟ್ಟಿಯಾಗಿ ಕೂಗುತ್ತವೆ.

ಹೀಗಿರಲು ಆ ಹುಡುಗಿಗೆ ಆದುದೇನು? ಆರೋಗ್ಯವಂತರ ರಕ್ತವು ಸಾಧಾರಣ ಉಸಿರಿನಲ್ಲಿಯೇ ಹೊರಬಹುದಾದ ಪ್ರಾಣವಾಯುವಿನಲ್ಲಿ ಶೇಕಡ ೯೭ರಷ್ಟನ್ನು ಹೊತ್ತಿರುತ್ತದೆ. ಬಿರುಸಾಗಿ ಉಸಿರೆಳೆದುದರಿಂದ ಆಕೆ ಗಳಿಸಿದ್ದು ಅತ್ಯಲ್ಪ. ಕಳೆದುಕೊಂಡದ್ದೋ ಅಂಗಾರಾಮ್ಲವಾಯುವನ್ನು, ಅಂದರೆ ಎಚ್ಚರಿಕೆಯ ಗಂಟೆಯನ್ನೇ. ನೀರಿನೊಳಗೆ ಆ ವಾಯು ಮತ್ತೆ ಕೂಡಿಬಂದು ಗಂಟೆ ಬಾರಿಸುವ ಮೊದಲೇ ಪ್ರಾಣವಾಯುವು ಮುಗಿದು ಮೆದುಳು ಮಂಕಾಯಿತು. ಸಂಕಟವಾಗಲಿಲ್ಲವೆಂಬುದೇ ಅಪಾಯದ ಲಕ್ಷಣವಾಗಿತ್ತು. ನುರಿತ ಈಜುಗಾರರೂ ಹೀಗೆ ಸತ್ತಿದ್ದಾರೆ.

ಒಕ್ಕಲುತನದ ಮನೆಗಳ ಪೋಷಕರು ಇಲ್ಲಿ ಮತ್ತೊಂದು ಪ್ರಶ್ನೆ ಕೇಳಬಹುದು: ಈ ವಾಯು ಹೆಚ್ಚಾದರೆ ದೇಹವು ಎಚ್ಚರಿಸುವುದಾದರೆ, ಹಗೇವಿಗೆ ಇಳಿದವರು ಸತ್ತುದೇಕೆ? ಮುಚ್ಚಿದ ಹಗೇವಿನಲ್ಲಿ ಜೋಳದ ಕಾಳೂ ಹುಳುಗಳೂ ಉಸಿರಾಡಿ ಪ್ರಾಣವಾಯುವನ್ನು ತೀರಿಸಿ ಅಂಗಾರಾಮ್ಲವಾಯುವನ್ನು ತುಂಬುತ್ತವೆ. ಅದು ಗಾಳಿಗಿಂತ ಒಂದೂವರೆ ಪಟ್ಟು ಭಾರವಾದುದರಿಂದ ತಳದಲ್ಲಿ ನಿಲ್ಲುತ್ತದೆ. ಶೇಕಡ ಮೂರು ನಾಲ್ಕರಷ್ಟಿದ್ದರೆ ಏದುಸಿರು ಬಂದು ಮನುಷ್ಯನು ಹಿಂದಿರುಗಿಯಾನು. ಶೇಕಡ ಹತ್ತನ್ನು ಮೀರಿದರೆ ಆ ವಾಯುವೇ ಮೆದುಳನ್ನು ಮತ್ತಗೊಳಿಸುತ್ತದೆ. ಗಂಟೆ ಬಾರಿಸಿದರೂ ಏಣಿ ಹತ್ತುವಷ್ಟು ಹೊತ್ತು ಉಳಿಯದು. ಕಂದೀಲನ್ನು ಇಳಿಬಿಟ್ಟು ನೋಡುವ ಹಿರಿಯರ ರೂಢಿ ಒಳ್ಳೆಯದೇ. ಅದು ನಂದಿದರೆ ಯಾರೂ ಇಳಿಯಕೂಡದು. ಆದರೆ ದೀಪ ಉರಿದ ಮಾತ್ರಕ್ಕೆ ಅಪಾಯವಿಲ್ಲವೆಂದು ತಿಳಿಯಬಾರದು. ಬಾಯಿ ತೆರೆದು ಚೆನ್ನಾಗಿ ಗಾಳಿಯಾಡಿಸಬೇಕು. ಒಬ್ಬನು ಬಿದ್ದನೆಂದು ಇನ್ನೊಬ್ಬನು ಹಾಗೆಯೇ ಇಳಿದರೆ ಎರಡು ಹೆಣಗಳಾಗುತ್ತವೆ.

ಶಾಲೆಯಲ್ಲಿ ಉಸಿರು ಹಿಡಿಯುವ ಪಂದ್ಯಗಳನ್ನು ನಿಲ್ಲಿಸಿದ್ದೇವೆ. ಈಜುವ ಹುಡುಗಿಯರಿಗೆ, ಮುಳುಗುವ ಮೊದಲು ಬಿರುಸಾಗಿ ಉಸಿರಾಡಬಾರದೆಂದೂ, ದಡದಲ್ಲಿ ಈಜು ಬಲ್ಲ ಹಿರಿಯರೊಬ್ಬರು ಇಲ್ಲದೆ ನೀರಿಗಿಳಿಯಬಾರದೆಂದೂ ಹೇಳಿದ್ದೇವೆ. ನಮ್ಮ ತರಗತಿಯ ಹಳೆಯ ಟಿಪ್ಪಣಿ ಪುಸ್ತಕಗಳನ್ನು ತಂಗಿಯರಿಗೋ ಮಕ್ಕಳಿಗೋ ಕೊಟ್ಟಿರುವವರು, ಉಸಿರಾಟದ ಪುಟವನ್ನು ತೆರೆದು ಆ ಒಂದು ಸಾಲನ್ನು ಹೊಡೆದುಹಾಕಬೇಕೆಂದು ಕೇಳಿಕೊಳ್ಳುತ್ತೇವೆ.