ಏರಿನಲ್ಲಿ ಕೇಳುವ ಕಟಕಟ ಸದ್ದು

1996ರಲ್ಲಿ ಮುಚ್ಚಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಹಳೆಯ ಯೆಜ್ಡಿಯೊಂದನ್ನು ನಾವು ಚಿಂತಾಮಣಿಯಿಂದ ಕೈಲಾಸಗಿರಿಯ ಏರುದಾರಿಗೆ ಒಯ್ಯೋಣ. ವೇಗ ಕುಗ್ಗಿದರೂ ಗೇರು ಇಳಿಸದೆ ಥ್ರಾಟಲನ್ನು ತಿರುವಿದೊಡನೆ, ಎಂಜಿನ್ನಿನೊಳಗೆ ಗೋಲಿಗಳು ಕುಣಿದಂತೆ ಕಟಕಟ ಸದ್ದು ಕೇಳಿಬರಬಹುದು. ಲೋಹಕ್ಕೆ ಲೋಹ ಬಡಿಯಿತೆಂದು ಬಗೆದು ಎಂಜಿನ್ನನ್ನೇ ಬಿಚ್ಚಿಸುವವರುಂಟು. ವಾಸ್ತವವಾಗಿ ಬಡಿಯುತ್ತಿರುವುದು ಅನಿಲ!

ಪ್ಲಗ್ಗಿನ ಕಿಡಿಯಿಂದ ಹೊರಟ ಜ್ವಾಲೆಯು ಸಿಲಿಂಡರನ್ನು ವ್ಯಾಪಿಸಲು ಒಂದೆರಡು ಮಿಲಿಸೆಕೆಂಡುಗಳಾದರೂ ಬೇಕು. ನಿಮಿಷಕ್ಕೆ 3000 ಸುತ್ತಿನ ವೇಗದಲ್ಲಿ ಕ್ರ್ಯಾಂಕು ಒಂದೇ ಮಿಲಿಸೆಕೆಂಡಿನಲ್ಲಿ 18 ಡಿಗ್ರಿ ತಿರುಗಿಬಿಡುತ್ತದೆ. ಆದುದರಿಂದಲೇ ಪಿಸ್ಟನ್ನು ಮೇಲ್ತುದಿಯನ್ನು ಮುಟ್ಟುವ ಮುನ್ನವೇ ಕಿಡಿ ಹಾರಬೇಕು. ತೀರ ಮುಂಚೆ ಹಾರಿದರೋ, ಏರುವ ಪಿಸ್ಟನ್ನೂ ಹಿಗ್ಗುವ ಜ್ವಾಲೆಯೂ ಎರಡು ಕಡೆಯಿಂದ ಅದುಮಿದ್ದರಿಂದ, ಮೂಲೆಯಲ್ಲಿ ಇನ್ನೂ ಉರಿಯದೆ ಉಳಿದ ಮಿಶ್ರಣವು ಕಾದು ತಾನಾಗಿಯೇ ಸಿಡಿಯುತ್ತದೆ. ಆ ಒತ್ತಡದ ಅಲೆಗೆ ಸಿಲಿಂಡರಿನ ಗೋಡೆ ಗಂಟೆಯಂತೆ ಕಂಪಿಸುತ್ತದೆ. ಅಲಕ್ಷಿಸಿದರೆ ಪಿಸ್ಟನ್ನೇ ತೂತಾದೀತು.

ಮೊದಲು ಪಾಯಿಂಟುಗಳು ತೆರೆಯುವ ಕ್ಷಣವನ್ನು ಡಯಲ್ ಗೇಜಿನಿಂದ ಅಳೆಯಬೇಕು. ಅದು ಕೈಪಿಡಿಗೆ ಹೊಂದಿದ್ದೂ ಸದ್ದು ಉಳಿದರೆ, ಹೆಡ್ಡಿನಲ್ಲಿ ಕಟ್ಟಿದ ಕಾರ್ಬನ್ನನ್ನೋ ಪೆಟ್ರೋಲು ಕಡಮೆಯಾದ ಮಿಶ್ರಣವನ್ನೋ ಶಂಕಿಸಬೇಕು. ಕಿಡಿಯನ್ನು ಇನ್ನಷ್ಟು ತಡಮಾಡಿ ಸದ್ದಡಗಿಸುವ ಉಪಾಯ ನಮಗೆ ಒಪ್ಪಿಗೆಯಿಲ್ಲ. ಸದ್ದೇನೋ ಅಡಗುತ್ತದೆ, ಆದರೆ ಎಂಜಿನ್ನಿನ ಬಲ ಕುಗ್ಗಿ, ಸೈಲೆನ್ಸರಿನ ಕೊಳವೆ ಕೆಂಡದಂತೆ ಕಾಯುತ್ತದೆ.