ಸಣ್ಣ ವಿಮಾನದ ಇಂಜಿನನ್ನು ಚಾಲನೆಗೊಳಿಸುವ ಕ್ರಮ: ಪ್ರೈಮಿಂಗಿನ ವಿಚಾರ

ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನ ಅಂಚಿನಲ್ಲಿ ಕೃಷ್ಣೆಯೂ ಮಾನ್ವಿ ತಾಲ್ಲೂಕಿನ ಅಂಚಿನಲ್ಲಿ ತುಂಗಭದ್ರೆಯೂ ಹರಿಯುತ್ತವೆ. ಹೊಳೆಯ ನೀರನ್ನು ಪಂಪಿನಿಂದ ಹೊಲಕ್ಕೆ ಎತ್ತುವ ರೈತರಿಗೆ ‘ಪ್ರೈಮ್ ಮಾಡುವುದು’ ಎಂಬ ಮಾತು ಹೊಸದಲ್ಲ. ಪಂಪಿನ ಒಡಲಲ್ಲಿ ಗಾಳಿಯಿರುವವರೆಗೆ ಅದು ನೀರನ್ನು ಸೆಳೆಯಲಾರದು. ಆದುದರಿಂದ ಮೊದಲು ಅದಕ್ಕೆ ನೀರು ಹೊಯ್ದು ಗಾಳಿಯನ್ನು ಹೊರಡಿಸುವರು. ಸೀಮೆಎಣ್ಣೆಯಿಂದ ನಡೆಯುವ ಸಣ್ಣ ಪಂಪ್ ಇಂಜಿನನ್ನು ಬಲ್ಲವರು ಮತ್ತೊಂದು ಸಂಗತಿಯನ್ನೂ ಕಂಡಿರುವರು: ಅದನ್ನು ತಣ್ಣಗಿರುವಾಗ ಪೆಟ್ರೋಲಿನಿಂದ ಆರಂಭಿಸಿ, ಕಾದ ಬಳಿಕವೇ ಸೀಮೆಎಣ್ಣೆಗೆ ತಿರುಗಿಸಬೇಕು. ವಿಮಾನದ ಇಂಜಿನಿನ ಪ್ರೈಮಿಂಗ್ ಹೆಸರಿನಲ್ಲಿ ಮೊದಲನೆಯದನ್ನು ಹೋಲುತ್ತದೆ. ತತ್ತ್ವದಲ್ಲಿ ಎರಡನೆಯದನ್ನು ಹೋಲುತ್ತದೆ. ಅಲ್ಲಿ ಬೇಕಾದುದು ತುಂಬುವಿಕೆಯಲ್ಲ, ಆವಿ. ಈ ಭೇದವನ್ನು ಮರೆತರೆ ಇಂಜಿನು ಹೊರಡದಿರುವುದು ಮಾತ್ರವಲ್ಲದೆ ಬೆಂಕಿಗೂ ಅಂಗಭಂಗಕ್ಕೂ ಎಡೆಯಾಗುತ್ತದೆ. ಬೆಂಗಳೂರಿನಲ್ಲಿ ನಿರ್ಮಾಣವಾದ ಎರಡು ವಿಮಾನಗಳ ನಿದರ್ಶನದಿಂದ ಈ ವಿಷಯವನ್ನು ವಿವರಿಸಿ, ಅದನ್ನು ರಾಯಚೂರು ಸೀಮೆಯ ಬಿಸಿಲಿಗೆ ಅನ್ವಯಿಸಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

೧. ಎರಡು ನಿದರ್ಶನಗಳು

ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಯೋಗದಿಂದ ೧೯೪೦ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ಅಲ್ಲಿ ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರಚಿತವಾದ ಎಚ್.ಟಿ.-೨ ಎಂಬ ಶಿಕ್ಷಣವಿಮಾನವು ೧೯೫೧ರಲ್ಲಿ ಮೊದಲು ಹಾರಿತು. ಅದರಲ್ಲಿ ಅಳವಡಿಸಿದ ಸಿರಸ್ ಮೇಜರ್ ಇಂಜಿನು ೧೫೫ ಅಶ್ವಶಕ್ತಿಯದು. ಅದರ ನಾಲ್ಕು ಸಿಲಿಂಡರುಗಳು ಒಂದೇ ಸಾಲಿನಲ್ಲಿ ತಲೆಕೆಳಗಾಗಿರುತ್ತವೆ. ೧೯೫೮ರಲ್ಲಿ ಹಾರಿದ ಪುಷ್ಪಕವು ಇನ್ನೂ ಹಗುರವಾದುದು. ಅದರ ೯೦ ಅಶ್ವಶಕ್ತಿಯ ಕಾಂಟಿನೆಂಟಲ್ ಇಂಜಿನಿನಲ್ಲಿ ಎಡಕ್ಕೆರಡು ಬಲಕ್ಕೆರಡು ಸಿಲಿಂಡರುಗಳು ಅಡ್ಡಲಾಗಿ ಮಲಗಿರುತ್ತವೆ. ಈ ಮಾದರಿಗೆ ವಿದ್ಯುತ್ ಸ್ಟಾರ್ಟರು ಇಲ್ಲವಾದುದರಿಂದ ಪ್ರೊಪೆಲರನ್ನು ಕೈಯಿಂದಲೇ ತಿರುವಬೇಕು. ಕೈಯಿಂದ ತಿರುವುವ ಕ್ರಮದಲ್ಲಿ ಪ್ರತಿಯೊಂದು ಕ್ರಿಯೆಯ ಕಾರಣವೂ ಸ್ಪಷ್ಟವಾಗಿ ಕಾಣುವುದರಿಂದ ಅದೇ ನಮ್ಮ ವಿವರಣೆಗೆ ಅನುಕೂಲವಾದುದು.

೨. ತಣ್ಣಗಿರುವ ಇಂಜಿನು ಹೊರಡದಿರಲು ಕಾರಣ

ದ್ರವರೂಪದ ಪೆಟ್ರೋಲು ಉರಿಯುವುದಿಲ್ಲ. ಗಾಳಿಯೊಡನೆ ಬೆರೆತ ಅದರ ಆವಿ ಉರಿಯುತ್ತದೆ. ತೂಕದಲ್ಲಿ ಒಂದು ಭಾಗ ಪೆಟ್ರೋಲಿಗೆ ಸುಮಾರು ೧೫ ಭಾಗ ಗಾಳಿ ಸೇರಿದರೆ ಪೂರ್ಣ ದಹನವಾಗುವುದು. ಗಾಳಿಯು ಸುಮಾರು ೮ ಭಾಗಕ್ಕಿಂತ ಕಡಿಮೆಯಾದರೆ ಮಿಶ್ರಣವು ಅತಿ ಸಾಂದ್ರವಾಗಿಯೂ, ೧೮–೨೦ ಭಾಗವನ್ನು ಮೀರಿದರೆ ಅತಿ ವಿರಳವಾಗಿಯೂ ಕಿಡಿಗೆ ಒಲಿಯದೆ ಹೋಗುತ್ತದೆ.

ಇಂಜಿನು ವೇಗವಾಗಿ ನಡೆಯುತ್ತಿರುವಾಗ ಕಾರ್ಬ್ಯುರೇಟರಿನ ಕಿರಿದಾದ ಕೊರಳಿನಲ್ಲಿ ಗಾಳಿ ರಭಸದಿಂದ ಹರಿದು ಪೆಟ್ರೋಲನ್ನು ಹೀರಿ ಸಿಡಿಸುತ್ತದೆ; ಇಂಜಿನಿನ ಕಾವು ಆ ಹನಿಗಳನ್ನು ಆವಿಮಾಡುತ್ತದೆ. ಕೈಯಿಂದ ತಿರುವುವಾಗ ಈ ಎರಡು ಸಹಾಯಗಳೂ ಇಲ್ಲ. ಗಾಳಿಯ ಓಟ ಮಂದ. ಹೀರಿದ ಅಲ್ಪ ಪೆಟ್ರೋಲೂ ತಣ್ಣನೆಯ ಕೊಳವೆಯ ಗೋಡೆಗೆ ಅಂಟಿಕೊಳ್ಳುತ್ತದೆ. ಪೆಟ್ರೋಲು ಅನೇಕ ದ್ರವ್ಯಗಳ ಮಿಶ್ರಣವಾದುದರಿಂದ ತಂಪಿನಲ್ಲಿ ಅದರ ಹಗುರವಾದ ಅಂಶ ಮಾತ್ರ ಆವಿಯಾಗುವುದು. ಹೆಚ್ಚು ಪೆಟ್ರೋಲನ್ನು ಒದಗಿಸಿದರೆ ಆ ಹಗುರವಾದ ಅಂಶವೂ ಅದೇ ಪ್ರಮಾಣದಲ್ಲಿ ಹೆಚ್ಚಿ, ಉರಿಯುವಷ್ಟು ಆವಿ ದೊರೆಯುತ್ತದೆ. ಪ್ರೈಮಿಂಗಿನ ತತ್ತ್ವವು ಇಷ್ಟೇ. ಅದರ ಪ್ರಮಾಣವು ಉಷ್ಣತೆಯನ್ನು ಅವಲಂಬಿಸಿರುವುದೆಂಬುದೂ ಇದರಿಂದಲೇ ಸಿದ್ಧವಾಗುತ್ತದೆ.

೩. ಪ್ರೈಮಿಂಗಿನ ಉಪಾಯಗಳು

ಜಿಪ್ಸಿ ಮೇಜರಿನಂತಹ ಹಳೆಯ ಇಂಜಿನುಗಳಲ್ಲಿ ಕಾರ್ಬ್ಯುರೇಟರಿನ ತೇಲುಗುಂಡನ್ನು ಒಂದು ಸಣ್ಣ ಕಡ್ಡಿಯಿಂದ ಒತ್ತಿ ಹಿಡಿದು, ಪೆಟ್ರೋಲು ಉಕ್ಕುವಂತೆ ಮಾಡುವರು. ಬೇರೆ ಕೆಲವು ವಿಮಾನಗಳಲ್ಲಿ ಚಾಲಕನ ಎದುರಿಗೆ ಕೈಪಂಪೊಂದು ಇರುತ್ತದೆ. ಅದರ ಹಿಡಿಯನ್ನು ಎಳೆದು, ಪೆಟ್ರೋಲು ತುಂಬಲು ಒಂದು ಕ್ಷಣ ತಡೆದು, ಒತ್ತಿದರೆ ಕಾರ್ಬ್ಯುರೇಟರಿನ ಮೂಲಕ ಹೋಗದೆ ನೇರವಾಗಿ ಸಿಲಿಂಡರಿನ ಒಳಹಾದಿಗೆ ಪೆಟ್ರೋಲು ಚಿಮ್ಮುತ್ತದೆ. ಕೆಲಸ ಮುಗಿದೊಡನೆ ಈ ಹಿಡಿಯನ್ನು ತಿರುಗಿಸಿ ಬಂಧಿಸತಕ್ಕದ್ದು. ಇಲ್ಲವಾದರೆ ಇಂಜಿನು ಅದೇ ದಾರಿಯಿಂದ ಪೆಟ್ರೋಲನ್ನು ಹೀರುತ್ತಲೇ ಇದ್ದು ಕಪ್ಪು ಹೊಗೆಯೊಡನೆ ಒರಟಾಗಿ ನಡೆಯುವುದು.

ಥ್ರಾಟಲ್ ಹಿಡಿಯನ್ನು ಹಿಂದೆ ಮುಂದೆ ಆಡಿಸಿ ಪೆಟ್ರೋಲು ಚಿಮ್ಮಿಸುವ ಅಭ್ಯಾಸವೂ ಕೆಲವರಲ್ಲಿ ಉಂಟು. ಕಾರ್ಬ್ಯುರೇಟರು ಇಂಜಿನಿನ ಕೆಳಗಿರುವಾಗ ಇದು ಅಪಾಯಕರ. ಇಂಜಿನು ತಿರುಗದಿದ್ದರೆ ಚಿಮ್ಮಿದ ಪೆಟ್ರೋಲನ್ನು ಮೇಲಕ್ಕೆ ಒಯ್ಯುವ ಗಾಳಿಯಿಲ್ಲ; ಅದು ಕೆಳಗಿನ ಗಾಳಿಪೆಟ್ಟಿಗೆಯಲ್ಲಿ ನಿಂತು, ಇಂಜಿನು ಒಮ್ಮೆ ಹಿಂದಕ್ಕೆ ಸಿಡಿದೊಡನೆ ಹೊತ್ತಿಕೊಳ್ಳುತ್ತದೆ. ಸ್ಟಾರ್ಟರುಳ್ಳ ವಿಮಾನದಲ್ಲಿ ಹಾಗಾದರೆ ತಿರುಗಿಸುವುದನ್ನು ನಿಲ್ಲಿಸದೆ, ಪೆಟ್ರೋಲನ್ನು ಕಡಿದು, ಥ್ರಾಟಲನ್ನು ಪೂರ್ಣವಾಗಿ ತೆರೆದು, ಜ್ವಾಲೆಯನ್ನು ಇಂಜಿನೇ ಒಳಕ್ಕೆ ಹೀರುವಂತೆ ಮಾಡಬೇಕು.

೪. ಕಿಡಿ ಮತ್ತು ಪ್ರೊಪೆಲರು

ಕಿಡಿಯನ್ನು ಹುಟ್ಟಿಸುವ ಮ್ಯಾಗ್ನೆಟೋ ಯಂತ್ರಕ್ಕೆ ಬ್ಯಾಟರಿಯ ಹಂಗಿಲ್ಲ; ಅದು ತಿರುಗಿದರೆ ಸಾಕು. ಮೆಲ್ಲಗೆ ತಿರುಗುವಾಗ ಕಿಡಿಯು ಕ್ಷೀಣವಾಗುವುದರಿಂದ ಅದಕ್ಕೆ ಸುರುಳಿಯ ಜೋಡಣೆಯೊಂದನ್ನು ಇಟ್ಟಿರುವರು. ಅದು ಅಯಸ್ಕಾಂತವನ್ನು ಕೊಂಚ ಕಾಲ ತಡೆದು, ಫಟ್ಟನೆ ಬಿಟ್ಟು, ಬಲವಾದ ಕಿಡಿಯನ್ನು ಸ್ವಲ್ಪ ತಡವಾಗಿ ಕೊಡುತ್ತದೆ. ತಡವಾಗಿ ಬರುವುದರಿಂದ ಪ್ರೊಪೆಲರು ಹಿಂದಕ್ಕೆ ಒದೆಯುವುದು ತಪ್ಪುವುದು.

ಮ್ಯಾಗ್ನೆಟೋವಿನ ಸ್ವಿಚ್ಚು ಮನೆಯ ದೀಪದ ಸ್ವಿಚ್ಚಿನಂತಲ್ಲ. ಅದನ್ನು ಆರಿಸುವುದೆಂದರೆ ಮ್ಯಾಗ್ನೆಟೋವನ್ನು ಒಂದು ತಂತಿಯ ಮೂಲಕ ಇಂಜಿನಿನ ಲೋಹಕ್ಕೆ ಜೋಡಿಸುವುದು ಎಂದರ್ಥ. ಆ ತಂತಿ ತುಂಡಾಗಿದ್ದರೆ ಸ್ವಿಚ್ಚು ಆರಿದಂತೆ ಕಂಡರೂ ಕಿಡಿ ಹುಟ್ಟುತ್ತಲೇ ಇರುತ್ತದೆ. ಪ್ರೈಮ್ ಮಾಡಿದ ಇಂಜಿನಿನಲ್ಲಿ ಅಂತಹ ಒಂದೇ ಕಿಡಿಯಿಂದ ಪ್ರೊಪೆಲರು ಹೊರಳಿ, ಹತ್ತಿರವಿದ್ದವನನ್ನು ಹೊಡೆಯಬಲ್ಲದು. ಆದುದರಿಂದ ಯಾವ ಪ್ರೊಪೆಲರನ್ನೂ ನಿರ್ಜೀವವೆಂದು ನಂಬತಕ್ಕದ್ದಲ್ಲ.

ಚಾಲಕನೂ ಪ್ರೊಪೆಲರು ತಿರುವುವವನೂ ಪರಸ್ಪರ ಕೂಗಿ ಹೇಳುವ ಪದ್ಧತಿ ಹುಟ್ಟಿದ್ದು ಇದಕ್ಕಾಗಿಯೇ. ಚಕ್ರಗಳಿಗೆ ಅಡ್ಡಗಟ್ಟೆ ಇಟ್ಟ ಮೇಲೆ, ಹೊರಗಿನವನು ಸ್ವಿಚ್ಚು ಆರಿದೆಯೇ, ಪೆಟ್ರೋಲು ತೆರೆದಿದೆಯೇ, ಥ್ರಾಟಲ್ ಮುಚ್ಚಿದೆಯೇ ಎಂದು ಕೇಳುವನು. ಒಳಗಿನವನು ನೋಡಿ, ಅದೇ ಮಾತನ್ನು ಮರಳಿ ಹೇಳುವನು. ಬಳಿಕ ಕೆಲವು ಸುತ್ತು ತಿರುವಿ ಮಿಶ್ರಣವನ್ನು ಒಳಕ್ಕೆ ಸೆಳೆದು, ಥ್ರಾಟಲನ್ನು ಕೊಂಚ ತೆರೆಯಿಸಿ, ‘ಕಾಂಟ್ಯಾಕ್ಟ್’ ಎಂದು ಕೂಗಿ ಮರುಕೂಗು ಬಂದ ಬಳಿಕವೇ ಎಳೆದು ಹಿಂದೆ ಸರಿಯುವನು. ಇಂಜಿನು ಹೊರಟು ೩೦ ಸೆಕೆಂಡುಗಳೊಳಗೆ ಎಣ್ಣೆಯ ಒತ್ತಡ ಕಾಣಿಸದಿದ್ದರೆ ಅದನ್ನು ಕೂಡಲೇ ನಿಲ್ಲಿಸಬೇಕು.

ಎಚ್.ಟಿ.-೨ರಂತಹ ತಲೆಕೆಳಗಾದ ಇಂಜಿನಿಗೆ ಇನ್ನೊಂದು ಜಾಗ್ರತೆ ಅವಶ್ಯಕ. ರಾತ್ರಿಯೆಲ್ಲ ನಿಂತಾಗ ಎಣ್ಣೆಯು ಪಿಸ್ಟನ್ನಿನ ಉಂಗುರಗಳನ್ನು ದಾಟಿ ದಹನಕೋಶಕ್ಕೆ ಇಳಿಯುತ್ತದೆ. ದ್ರವವು ಗಾಳಿಯಂತೆ ಅದುಮಲ್ಪಡುವುದಿಲ್ಲವಾದುದರಿಂದ ಇಂಜಿನು ಬಲದಿಂದ ತಿರುಗಿದರೆ ಪಿಸ್ಟನ್ನಿನ ದಂಡವೇ ಬಾಗೀತು. ಸ್ವಿಚ್ಚನ್ನು ಆರಿಸಿ, ಪ್ರೊಪೆಲರನ್ನು ಮೊದಲು ಕೈಯಿಂದ ಮೆಲ್ಲಗೆ ಸುತ್ತಿಸಿ ನೋಡಬೇಕು. ಎಲ್ಲಿಯಾದರೂ ಕಚ್ಚಿಕೊಂಡರೆ ಬಲಪ್ರಯೋಗ ಮಾಡದೆ, ಪ್ಲಗ್ಗುಗಳನ್ನು ಬಿಚ್ಚಿ ಎಣ್ಣೆಯನ್ನು ಸುರಿಸಬೇಕು.

೫. ಬಿಸಿಲ ಸೀಮೆಯಲ್ಲಿ

ಸಮುದ್ರಮಟ್ಟದಿಂದ ೯೦೦ ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನ ಜನವರಿಯ ಬೆಳಗಿನಲ್ಲಿ ಕೈಪಂಪಿನ ಮೂರು ನಾಲ್ಕು ಒತ್ತುಗಳನ್ನು ಬೇಡುವ ಇಂಜಿನಿಗೆ, ಸುಮಾರು ೪೦೦ ಮೀಟರ್ ಎತ್ತರದ ರಾಯಚೂರಿನ ಮೇ ತಿಂಗಳಲ್ಲಿ ಒಂದೇ ಒತ್ತು ಅತಿಯಾದೀತು. ಅಲ್ಲಿ ಬೇಸಗೆಯ ಉಷ್ಣತೆ ೪೦ ಡಿಗ್ರಿ ಸೆಂಟಿಗ್ರೇಡನ್ನು ಮುಟ್ಟುವುದು ಸಾಮಾನ್ಯ; ಬಿಸಿಲಿನಲ್ಲಿ ನಿಂತ ಲೋಹವು ಅದಕ್ಕಿಂತಲೂ ಕಾದಿರುತ್ತದೆ. ತಂಪು ದೇಶದ ಕೈಪಿಡಿಯ ಸಂಖ್ಯೆಯನ್ನು ಇಲ್ಲಿ ಕಣ್ಣುಮುಚ್ಚಿ ಅನುಸರಿಸುವವನು ಇಂಜಿನನ್ನು ಪೆಟ್ರೋಲಿನಲ್ಲಿ ಮುಳುಗಿಸುವನು.

ಬಿಸಿಯಾದ ಇಂಜಿನು ಹೊರಡದಿದ್ದರೆ ಅದಕ್ಕೆ ಪರಸ್ಪರ ವಿರುದ್ಧವಾದ ಎರಡು ಕಾರಣಗಳಿರಬಹುದು. ಪೆಟ್ರೋಲು ಅತಿಯಾಗಿದ್ದರೆ ಘಾಟು ವಾಸನೆಯಿರುತ್ತದೆ, ಕೆಳಗೆ ಹನಿ ತೊಟ್ಟಿಕ್ಕುತ್ತದೆ, ಒಮ್ಮೆ ಕೆಮ್ಮಿದರೆ ಕಪ್ಪು ಹೊಗೆ ಬರುತ್ತದೆ. ಆಗ ಸ್ವಿಚ್ಚನ್ನು ಆರಿಸಿ, ಪೆಟ್ರೋಲನ್ನು ಮುಚ್ಚಿ, ಥ್ರಾಟಲನ್ನು ಪೂರ್ಣವಾಗಿ ತೆರೆದು, ಹಲವು ಸುತ್ತು ತಿರುವಿ, ಗಾಳಿಯಿಂದ ಒಳಗನ್ನು ತೊಳೆಯಬೇಕು. ಮತ್ತೆ ಕಿಡಿ ಕೊಡುವ ಮುನ್ನ ಥ್ರಾಟಲನ್ನು ಮರೆಯದೆ ಮುಚ್ಚಬೇಕು. ಎರಡನೆಯದು, ಸ್ವಲ್ಪ ಹೊತ್ತು ನಿಲ್ಲಿಸಿದ ಇಂಜಿನಿನ ಕಾವಿನಿಂದ ಸಣ್ಣ ಕೊಳವೆಗಳಲ್ಲಿಯ ಪೆಟ್ರೋಲೇ ಕುದಿದು ಆವಿಯ ಗುಳ್ಳೆಗಳಾಗಿ ದಾರಿಯನ್ನು ಕಟ್ಟಿರುವುದು. ಕಾರ್ಬ್ಯುರೇಟರಿಲ್ಲದೆ ಸಿಲಿಂಡರಿನ ಬಳಿಗೆ ಪೆಟ್ರೋಲನ್ನು ಚಿಮ್ಮಿಸುವ ಇತ್ತೀಚಿನ ಇಂಜಿನುಗಳಲ್ಲಿ ಇದು ಹೆಚ್ಚು. ಇಲ್ಲಿ ವಾಸನೆಯೂ ಇಲ್ಲ, ಹನಿಯೂ ಇಲ್ಲ. ಇಂಜಿನು ನಿಜವಾಗಿಯೂ ಹಸಿದಿರುತ್ತದೆ. ಅದಕ್ಕೆ ತಂಪಾಗಲು ಸಮಯ ಕೊಡಬೇಕು, ಇಲ್ಲವೆ ಆಯಾ ಇಂಜಿನಿಗೆ ವಿಧಿಸಿದಂತೆ ವಿದ್ಯುತ್ ಪಂಪಿನಿಂದ ತಂಪು ಪೆಟ್ರೋಲನ್ನು ನೂಕಿ ಗುಳ್ಳೆಗಳನ್ನು ಹೊರಡಿಸಬೇಕು. ಒಂದರ ಚಿಕಿತ್ಸೆ ಇನ್ನೊಂದಕ್ಕೆ ವಿಷವಾದುದರಿಂದ ಲಕ್ಷಣವನ್ನು ಪರೀಕ್ಷಿಸದೆ ಕೈಯಾಡಿಸಬಾರದು.

ಉಪಸಂಹಾರ

ಮೇಲ್ಕಂಡ ವಿವರಣೆಯಿಂದ ಪ್ರೈಮಿಂಗಿಗೆ ಎಲ್ಲ ಕಾಲಕ್ಕೂ ಸಲ್ಲುವ ಒಂದೇ ಸಂಖ್ಯೆಯಿಲ್ಲವೆಂಬುದು ವ್ಯಕ್ತವಾಗುತ್ತದೆ. ಕ್ರಮವನ್ನು ಆಯಾ ಇಂಜಿನಿನ ಕೈಪಿಡಿಯಿಂದಲೇ ತಿಳಿಯತಕ್ಕದ್ದು. ಆದರೆ ಪ್ರಮಾಣವನ್ನು ಆ ದಿನದ ಉಷ್ಣತೆಯನ್ನೂ ಇಂಜಿನಿನ ಕಾವನ್ನೂ ನೋಡಿ ನಿರ್ಣಯಿಸಬೇಕು. ಸಂದೇಹವಿದ್ದಲ್ಲಿ ಕಡಿಮೆಯಿಂದ ಆರಂಭಿಸುವುದೇ ಯುಕ್ತ. ಕಡಿಮೆಯಾದ ಪೆಟ್ರೋಲನ್ನು ಇನ್ನೊಂದು ಒತ್ತಿನಿಂದ ತುಂಬಿಕೊಡಬಹುದು. ಹೆಚ್ಚಾದುದು ಕಿಡಿಗಾಗಿ ಕಾದು ಅಲ್ಲಿಯೇ ನಿಂತಿರುತ್ತದೆ.